ಮುಳುಗಿದ ಹಡಗಿಗೆ ಟಿಜಿ-6 ಒಳ್ಳೆಯದೋ, ಆಕ್ಷನ್ ಕ್ಯಾಮೆರಾವೋ?

ಮುಳುಗಿದ ಹಡಗಿನ ಫೋಟೊ ಬೇಕಿದ್ದರೆ ಒಲಿಂಪಸ್ ಟಿಜಿ-6 ಎಂಬ ಪುಟ್ಟ ಕ್ಯಾಮೆರಾ, 45 ಮೀಟರ್ ಆಳದವರೆಗೆ ನೀರು ತಡೆಯುವ ಅದರದೇ ಹೌಸಿಂಗ್ (ಹೊರಕವಚ), ಒಂದು ಸ್ಟ್ರೋಬ್ (ನೀರೊಳಗಿನ ಫ್ಲ್ಯಾಶ್): ಇಷ್ಟಕ್ಕೆ ದುಡ್ಡು ಹಾಕಿ. ಆಕ್ಷನ್ ಕ್ಯಾಮೆರಾ ಮತ್ತು ಎರಡು ವಿಡಿಯೊ ಲೈಟು ಇದಕ್ಕಿಂತ ಸಾಕಷ್ಟು ಅಗ್ಗ. ಆದರೆ ಗೋವಾದ ಗ್ರಾಂಡೆ ದ್ವೀಪದ ಬಳಿ ಸೂಜೀಸ್ ರೆಕ್ ಎಂಬ ಮುಳುಗಿದ ಹಡಗಿನಲ್ಲಿ ಎರಡನ್ನೂ ಇಳಿಸಿ ನೋಡಿದ ಮೇಲೆ ನನ್ನ ಓಟು ಟಿಜಿಗೇ.

ಕಾರಣ ಮೆಗಾಪಿಕ್ಸೆಲ್ ಅಲ್ಲ, ಗಾಜಿನ ಮೇಲೆ ಕೂರುವ ಮಂಜು. ದೋಣಿಯ ಮೇಲೆ ಹೌಸಿಂಗ್ ತೆರೆದರೆ ಕರಾವಳಿಯ ಜಿಗುಟು ಗಾಳಿ ಒಳಗೆ ಸೇರುತ್ತದೆ, ಒದ್ದೆ ಕೈಯಿಂದ ಎರಡು ಹನಿಯೂ ಬೀಳುತ್ತವೆ. ಕ್ಯಾಮೆರಾ ಬಿಸಿಯಾದಂತೆ ಆ ಹನಿ ಆವಿಯಾಗಿ, ಸಮುದ್ರದ ನೀರಿಗೆ ತಾಗಿ ತಣ್ಣಗಿರುವ ಮುಂದಿನ ಗಾಜಿನ ಮೇಲೆ ಕೂರುತ್ತದೆ. 4ಕೆ ವಿಡಿಯೊದಲ್ಲಿ ಆಕ್ಷನ್ ಕ್ಯಾಮೆರಾ ಬೇಗ ಬಿಸಿಯಾಗುತ್ತದೆ. ಬ್ಯಾಟರಿಯೂ ಎರಡು ಡೈವ್‌ಗೆ ಸಾಲದು, ನಡುವೆ ತೆರೆಯಲೇಬೇಕು. ಎರಡನೇ ಡೈವ್ ಪೂರ್ತಿ ಹಾಲು ಬಣ್ಣ. ಅದರ ಹೌಸಿಂಗಿನಲ್ಲಿ ತೇವ ಹೀರುವ ತೆಳ್ಳನೆಯ ಆ್ಯಂಟಿ-ಫಾಗ್ ಪಟ್ಟಿಗಷ್ಟೇ ಜಾಗ.

ಟಿಜಿಯಲ್ಲಿ ಬರೀ ಫೋಟೊ ತೆಗೆಯುತ್ತಾ, ಅದರ ಫ್ಲ್ಯಾಶ್ ಅನ್ನು ಆರ್‌ಸಿ ಮೋಡ್‌ನಲ್ಲಿ (ಸ್ಟ್ರೋಬ್‌ಗೆ ಸಂಕೇತ ಕೊಡುವಷ್ಟೇ ಮಿನುಗುವಂತೆ) ಇಟ್ಟು, ಮೇಲೆ ಬಂದಾಗ ಆಫ್ ಮಾಡಿದರೆ ಒಂದೇ ಬ್ಯಾಟರಿ ಎರಡು ಡೈವ್‌ಗೆ ಬರುತ್ತದೆ. ಬೆಳಿಗ್ಗೆ ಎಸಿ ರೂಮಿನಲ್ಲಿ, ಒಣಗಿದ ಕೈಯಲ್ಲಿ, ತೇವ ಹೀರುವ ಸಣ್ಣ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಹೌಸಿಂಗ್ ಮುಚ್ಚಿ. ಸಂಜೆ ಸಿಹಿನೀರಿನಲ್ಲಿ ನೆನೆಸಿ, ಒರೆಸಿದ ಮೇಲಷ್ಟೇ ತೆರೆಯಿರಿ. ಪೊಟ್ಟಣವಾಗಲಿ ಕೂದಲಾಗಲಿ ಓ-ರಿಂಗ್‌ಗೆ (ಮುಚ್ಚಳದ ಅಂಚಿನ ರಬ್ಬರ್ ಬಳೆಗೆ) ಸಿಕ್ಕಿಕೊಂಡರೆ ನೀರು ನುಗ್ಗುತ್ತದೆ, ಮುಚ್ಚುವಾಗ ಸುತ್ತಲೂ ಕಣ್ಣಾಡಿಸಿ. ಬೆಂಗಳೂರಿನ ಗಾಳಿ ಒಣ ಅಂತ ಮನೆಯಲ್ಲೇ ಮುಚ್ಚಿಕೊಂಡು ಹೊರಡಬೇಡಿ. ನಮ್ಮೂರು 900 ಮೀಟರಿಗೂ ಮೇಲಿದೆ. ಇಲ್ಲಿ ಮುಚ್ಚಿದ ಮುಚ್ಚಳ ಕಡಲ ಮಟ್ಟದಲ್ಲಿ ಹೊರಗಿನ ಒತ್ತಡಕ್ಕೆ ಬಿಗಿದು ಕೂರುತ್ತದೆ, ಬಿಡಿಸಲು ಹೆಣಗಬೇಕು. ವಿಮಾನದಲ್ಲಾದರೆ ಓ-ರಿಂಗ್ ತೆಗೆದಿಡಿ. ಬಿಡಿ ಲಿಥಿಯಂ ಬ್ಯಾಟರಿಗಳು ಕ್ಯಾಬಿನ್ ಬ್ಯಾಗಿಗೆ.

ಬೆಳಕಿನಲ್ಲೂ ಸ್ಟ್ರೋಬ್‌ದೇ ಮೇಲುಗೈ. ಉದ್ದ ತೋಳಿನಲ್ಲಿ ಲೆನ್ಸ್‌ಗಿಂತ ತುಸು ಹಿಂದಕ್ಕೆ ಸರಿಸಿ, ಮುಖ ಹೊರಕ್ಕೆ ತಿರುಗಿಸಿದರೆ ಬೆಳಕಿನ ಅಂಚು ಮಾತ್ರ ತುಕ್ಕಿನ ಮೇಲೆ ಬೀಳುತ್ತದೆ. ನಡುವಿನ ಹೂಳಿನ ಕಣಗಳು ಮಿನುಗುವುದಿಲ್ಲ. ಗಿಡ್ಡ ಹ್ಯಾಂಡಲ್ ಮೇಲಿನ ವಿಡಿಯೊ ಲೈಟು ಆ ಕಣಗಳನ್ನೇ ಬೆಳಗುತ್ತದೆ. ಬಣ್ಣ ಸರಿಪಡಿಸಲು ಹಾಕುವ ಕೆಂಪು ಫಿಲ್ಟರ್ ಹಡಗಿನ ಒಳಗೆ ದಂಡ: ಹೊರಗಿನ ಬೆಳಕಿನ ಕೆಂಪನ್ನು ನೀರು ಮೇಲೆಯೇ ನುಂಗಿರುತ್ತದೆ.

ಟಿಜಿಯ ಕೊರತೆ ಎರಡು. ಶಟರ್ ವೇಗ ನಮ್ಮ ಕೈಯಲ್ಲಿಲ್ಲ, ಬೆಳಕು ಒಳಬಿಡುವ ಕಿಂಡಿ, ಅಂದರೆ ಅಪರ್ಚರ್ ಕೂಡ ಅಗಲ ಕೋನದಲ್ಲಿ ಎಫ್2, 2.8, 8 ಮೂರೇ. ನೀರೊಳಗೆ ಚಪ್ಪಟೆ ಗಾಜಿನ ಹಿಂದೆ 25 ಎಂಎಂ ನೋಟ ಸುಮಾರು 33ಕ್ಕೆ ಕಿರಿದಾಗುತ್ತದೆ, ಇಡೀ ಹಡಗು ಬೇಕೆಂದರೆ ಹೌಸಿಂಗ್ ಮೇಲೆ ಹೊರಗಿನಿಂದ ಕೂರಿಸುವ ವೆಟ್ ಲೆನ್ಸ್ ಖರ್ಚು ಬೇರೆ. ನೀರು ಕಲಕಿದ ದಿನ ಗೋವಾದಲ್ಲಿ ಇಡೀ ಹಡಗು ಹೇಗೂ ಕಾಣುವುದಿಲ್ಲ ಬಿಡಿ.

ನನ್ನದು ತುಕ್ಕು, ಬೋಲ್ಟು, ಅದರೊಳಗಿನ ಮೀನು ತೆಗೆದು ಪ್ರಿಂಟ್ ಹಾಕಿಸುವ ಚಟ. ವಿಡಿಯೊ ಮಾಡುವವರು, ಇನ್ನೂ ಬಾಯನ್ಸಿ (ಮುಳುಗದೆ ಮೇಲೇಳದೆ ತೇಲುವುದು) ಹಿಡಿತಕ್ಕೆ ಸಿಗದೆ ಕಾಲಿನ ಫಿನ್‌ನಲ್ಲಿ ಹೂಳೆಬ್ಬಿಸುವವರು ಆಕ್ಷನ್ ಕ್ಯಾಮೆರಾವನ್ನೇ ಕೊಳ್ಳಲಿ, ಲೈಟಿನ ತೋಳು ಮಾತ್ರ ಉದ್ದದ್ದು ಹಾಕಿಸಲಿ.