ವಿಎಸ್ ಕೋಡ್ ಸ್ಕ್ರೀನ್‌ಕಾಸ್ಟ್ ಮೋಡ್: ಡೆಮೋ ಕೊಡೋರಿಗೆ ಬೇಕೇ ಬೇಕು

ಲೈವ್ ಕೋಡಿಂಗ್ ತೋರ್ಸುವಾಗ "ಈಗ ಏನ್ ಒತ್ತಿದ್ರಿ?" ಅಂತ ಯಾರಾದ್ರೂ ಕೇಳೇ ಕೇಳ್ತಾರೆ, ಅದಕ್ಕೆ ವಿಎಸ್ ಕೋಡ್ ಅನ್ನೋ ಕೋಡ್ ಬರೆಯೋ ಎಡಿಟರ್‌ನಲ್ಲೇ ಇರೋ ಸ್ಕ್ರೀನ್‌ಕಾಸ್ಟ್ ಮೋಡ್ ನಂಗಂತೂ ತುಂಬಾ ಇಷ್ಟ. ಎಕ್ಸ್‌ಟೆನ್ಶನ್ ಏನೂ ಬೇಡ, ಕಮಾಂಡ್ ಪ್ಯಾಲೆಟ್‌ನಲ್ಲಿ (ಎಡಿಟರ್‌ನ ಕಮಾಂಡ್‌ಗಳನ್ನ ಹುಡುಕೋ ಪಟ್ಟಿ) ಟಾಗಲ್ ಸ್ಕ್ರೀನ್‌ಕಾಸ್ಟ್ ಮೋಡ್ ಅಂತ ಹುಡುಕಿ ಆನ್ ಮಾಡಿದ್ರೆ ಸಾಕು, ಒತ್ತಿದ ಕೀ ದೊಡ್ಡ ಅಕ್ಷರದಲ್ಲಿ ಕೆಳಗೆ ಬರುತ್ತೆ, ಮೌಸ್ ಕ್ಲಿಕ್ ಮಾಡಿದ ಕಡೆ ಕೆಂಪು ಉಂಗುರಾನೂ ಬರುತ್ತೆ. ಕೀ ತೆರೆ ಮೇಲೆ ಇರೋ ಡೀಫಾಲ್ಟ್ ಟೈಮ್ 800 ಮಿಲಿಸೆಕೆಂಡ್ ಅಷ್ಟೇ, ಹಿಂದೆ ಕೂತೋರು ಓದೋಷ್ಟರಲ್ಲಿ ಮಾಯ ಆಗ್ಬಿಡುತ್ತೆ, ಸೆಟ್ಟಿಂಗ್ಸ್‌ನಲ್ಲಿ 1500 ಮಾಡ್ಕೊಳ್ಳಿ. ಮಾಮೂಲಿ ಟೈಪಿಂಗೂ ಕಾಣ್ಸಿ ಕಿರಿಕಿರಿ ಆದ್ರೆ ಬರೀ ಶಾರ್ಟ್‌ಕಟ್ ತೋರ್ಸೋ ಹಾಗೂ ಮಾಡ್ಬಹುದು, ಅದೇ ಬೆಸ್ಟ್. ಕೊರತೆ ಅಂದ್ರೆ ಎಡಿಟರ್ ಬಿಟ್ಟು ಬ್ರೌಸರ್‌ಗೆ ಹೋದ್ರೆ ಕೀ ಕಾಣಲ್ಲ. ಪಾಸ್‌ವರ್ಡ್ ಹೊಡೆಯೋ ಮುಂಚೆ ಮಾತ್ರ ಮರೀದೆ ಆಫ್ ಮಾಡಿ.