ಪ್ರೆಸ್ ಸ್ಟಾರ್ಟ್ 2ಪಿ ಫಾಂಟ್: ನಾಲ್ಕು ವರ್ಷ ಬಳಸಿದ ಮೇಲೆ

ಮೈಸೂರಿನ ಸರಸ್ವತಿಪುರಂನಲ್ಲಿ ಮನೆಯಿಂದಲೇ ಡಿಸೈನ್ ಕೆಲಸ ಮಾಡುತ್ತೇನೆ. ಕಾಲೇಜು ಫೆಸ್ಟ್ ಪೋಸ್ಟರ್, ಹೋಟೆಲ್ ಮೆನು, ಇಂಥವು. ಹಳೇ ವಿಡಿಯೋ ಗೇಮ್ ಥರದ ಅಕ್ಷರ ಬೇಕು ಅಂತ ಯಾರೇ ಕೇಳಿದರೂ ನಾಲ್ಕು ವರ್ಷದಿಂದ ಇದನ್ನೇ ಹಾಕುತ್ತಾ ಬಂದಿದ್ದೇನೆ. ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ ಸಿಗುತ್ತದೆ, ಓಪನ್ ಫಾಂಟ್ ಲೈಸೆನ್ಸ್ ಇರುವುದರಿಂದ ದುಡ್ಡು ತಗೊಂಡು ಮಾಡುವ ಕೆಲಸಕ್ಕೂ ಧೈರ್ಯವಾಗಿ ಬಳಸಬಹುದು. 1980ರ ದಶಕದಲ್ಲಿ ಜಪಾನಿನ ನಾಮ್ಕೋ ಕಂಪನಿ ಮಾಡುತ್ತಿದ್ದ ಆರ್ಕೇಡ್ ಗೇಮ್‌ಗಳ (ಕಾಸು ಹಾಕಿ ಆಡುವ ದೊಡ್ಡ ಯಂತ್ರದ ಗೇಮ್) ಅಕ್ಷರ ನೋಡಿಕೊಂಡು ಮಾಡಿದ್ದು. ಒಂದೊಂದು ಅಕ್ಷರಕ್ಕೂ ಅಡ್ಡ ಎಂಟು, ಉದ್ದ ಎಂಟು ಚೌಕ.

ಸ್ಕ್ರೀನ್‌ನಲ್ಲಿ ಹಾಕುವಾಗ ಅಕ್ಷರದ ಸೈಜಿಗೆ ಎಂಟರ ಮಗ್ಗಿ ಬಿಡಬೇಡಿ. 8, 16, 24, 32 ಪಿಕ್ಸೆಲ್. ಆಗ ಅಂಚು ಬ್ಲೇಡಿನಲ್ಲಿ ಕೊಯ್ದ ಹಾಗೆ ಇರುತ್ತದೆ. 20 ಪಿಕ್ಸೆಲ್‌ಗೆ ಇಟ್ಟರೆ ಒಂದು ಚೌಕಕ್ಕೆ ಎರಡೂವರೆ ಪಿಕ್ಸೆಲ್ ಬರುತ್ತದೆ, ಅರ್ಧ ಪಿಕ್ಸೆಲ್ ಅನ್ನೋದು ಇಲ್ವಲ್ಲ, ಹಾಗಾಗಿ ಅಂಚಿಗೆಲ್ಲ ಬೂದು ಬಣ್ಣ ಮೆತ್ತಿಕೊಳ್ಳುತ್ತದೆ. ಒಂದು ಸಲ ಚಿಕ್ಕ ಪಿಎನ್‌ಜಿ ಫೈಲ್ ಕಳಿಸಿದ್ದೆ, ಪ್ರಿಂಟ್ ಮಾಡುವವರು ಅದನ್ನೇ ಎಳೆದು ಹತ್ತಡಿ ಫ್ಲೆಕ್ಸ್ ಮಾಡಿದರು. ಅಕ್ಷರಗಳೆಲ್ಲ ಬಿಸಿಲಿಗಿಟ್ಟ ಬೆಲ್ಲದ ಹಾಗೆ ಇಳಿದುಹೋಗಿದ್ದವು. ತುಂಬಾ ಬೇಜಾರಾಯಿತು. ಆವತ್ತಿಂದ ಪಿಡಿಎಫ್ ಬಿಟ್ಟು ಬೇರೆ ಕೊಡುವುದಿಲ್ಲ, ಅದರಲ್ಲಿ ಫಾಂಟಿನ ಅಕ್ಷರವನ್ನು ಎಷ್ಟು ಎಳೆದರೂ ಅಂಚು ಕೆಡುವುದಿಲ್ಲ.

ಅಕ್ಷರ ಅಗಲ ಜಾಸ್ತಿ, ತಲೆಬರಹಕ್ಕೆ ಮಾತ್ರ ಸರಿ. ಅದರ ಕೆಳಗಿನ ಸಾಲುಗಳಿಗೆ ನಾನು ವಿಟಿ323 ಅನ್ನೋ ಇನ್ನೊಂದು ಪಿಕ್ಸೆಲ್ ಫಾಂಟ್ ಹಾಕುತ್ತೇನೆ, ಅದಕ್ಕೆ ಹದಿನಾರರ ಮಗ್ಗಿ.

ನನ್ನ ದೊಡ್ಡ ತಕರಾರು ಒಂದೇ: ಇದರಲ್ಲಿ ಕನ್ನಡ ಇಲ್ಲ. ಇಂಗ್ಲಿಷ್ ಹೆಸರು ಚೌಕ ಚೌಕ, ಪಕ್ಕದಲ್ಲೇ ಕನ್ನಡ ಮಾತ್ರ ಯಾವುದೋ ಮಾಮೂಲಿ ಫಾಂಟಿನಲ್ಲಿ ದುಂಡಗೆ ಕೂತಿರುತ್ತದೆ. ನೋಡೋಕೆ ಹಿಂಸೆ. ಮಂಡ್ಯದ ಬೆಲ್ಲದ ಅಂಗಡಿಯೊಂದರ ಲೇಬಲ್ ಮಾಡುವಾಗ ತಡೆಯಲಾಗದೆ ಅರಸು ರಸ್ತೆಗೆ ಹೋಗಿ ಗ್ರಾಫ್ ಪುಸ್ತಕ ತಂದೆ, 'ಮಂಡ್ಯ' ಅಂತ ನಾನೇ ಬರೆಯಲು ಕೂತೆ. ಎಂಟು ಸಾಲಿನಲ್ಲಿ ಆಗಲೇ ಇಲ್ಲ. ತಲೆಕಟ್ಟಿಗೆ ಒಂದು ಸಾಲು, 'ಡ'ದ ಹೊಟ್ಟೆಗೆ ಉಳಿದದ್ದೆಲ್ಲ, ಯ ಒತ್ತಿಗೆ ಜಾಗ ಎಲ್ಲಿ? ಹದಿನಾರು ಸಾಲು ತಗೊಂಡು ಮೇಲಿನ ಹನ್ನೊಂದು ಅಕ್ಷರಕ್ಕೆ, ಕೆಳಗಿನ ಐದು ಒತ್ತಿಗೆ ಅಂತ ಬಿಟ್ಟ ಮೇಲೆ ಕೂತಿತು. ಇನ್ನೊಂದು ಕಷ್ಟ ಮಹಾಪ್ರಾಣದ್ದು. 'ದ'ಕ್ಕೂ 'ಧ'ಕ್ಕೂ ವ್ಯತ್ಯಾಸ ಅಂದರೆ ಕೆಳಗಿನ ಆ ಸಣ್ಣ ಸೀಳು, ಅಷ್ಟೇ. ನನ್ನ ಚೌಕದಲ್ಲಿ ಅದು ಒಂದೇ ಒಂದು ಪಿಕ್ಸೆಲ್. ಅದು ಬಿಟ್ಟುಹೋದರೆ ಧನ ಹೋಗಿ ದನ ಆಗುತ್ತದೆ.

ಸಿಟಿ ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗಲೆಲ್ಲ ಈಗ ಬಸ್ಸಿನ ಎಲ್‌ಇಡಿ ಬೋರ್ಡನ್ನೇ ನೋಡುತ್ತಿರುತ್ತೇನೆ, ಚುಕ್ಕಿಗಳಲ್ಲಿ ಒತ್ತನ್ನು ಹೇಗೆ ಕೂರಿಸಿದ್ದಾರೆ ಅಂತ.

ಇಂಗ್ಲಿಷ್ ತಲೆಬರಹಕ್ಕೆ ಕಣ್ಣು ಮುಚ್ಚಿಕೊಂಡು ತಗೊಳ್ಳಿ. ಕನ್ನಡಕ್ಕೆ ನನ್ನ ಗ್ರಾಫ್ ಪುಸ್ತಕದಲ್ಲಿ ಸ್ವರಗಳು ಮುಗಿದಿವೆ, ವ್ಯಂಜನಗಳಲ್ಲಿ 'ಣ'ವರೆಗೆ ಬಂದಿದ್ದೇನೆ.