ಹಂದಿ ಮೇವಿಗೆ ಚಿಪ್ಪಿನ ಪುಡಿಯೋ, ದನದ ಮಿನರಲ್ಲೋ, ಹಂದಿಯದೇ ಪ್ರೀಮಿಕ್ಸೋ?

ತೀರ್ಥಹಳ್ಳಿ ಕಡೆ ಹಂದಿ ಸಾಕುವವರ ಮೇವು ಹೆಚ್ಚುಕಡಿಮೆ ಒಂದೇ ತರಹ. ರೈಸ್ ಮಿಲ್ಲಿನ ತೌಡು, ಶಿಕಾರಿಪುರ ಕಡೆಯ ಮೆಕ್ಕೆಜೋಳ, ಸ್ವಲ್ಪ ಹಿಂಡಿ, ಸಿಕ್ಕಿದರೆ ಹೋಟೆಲಿನ ಮುಸುರೆ ಕುದಿಸಿ ಹಾಕುವುದು. ಇದರಲ್ಲಿ ಹೊಟ್ಟೆ ತುಂಬುತ್ತದೆ, ಖನಿಜ ಸಾಲುವುದಿಲ್ಲ. ಅದಕ್ಕೆ ಕೆಲವರು ಚಿಪ್ಪಿನ ಪುಡಿ (ಕಪ್ಪೆಚಿಪ್ಪು ಅರೆದದ್ದು) ಬೆರೆಸುತ್ತಾರೆ, ಕೆಲವರು ದನಕ್ಕೆ ತಂದ ಮಿನರಲ್ ಮಿಕ್ಸ್ಚರನ್ನೇ ಹಾಕುತ್ತಾರೆ, ಇನ್ನು ಕೆಲವರು ಹಂದಿಗೆಂದೇ ಮಾಡಿದ ಪ್ರೀಮಿಕ್ಸ್, ಅಂದರೆ ಬೇಕಾದ ಖನಿಜಗಳನ್ನು ಮೊದಲೇ ಬೆರೆಸಿಟ್ಟ ಪುಡಿ, ತರುತ್ತಾರೆ. ಒಂದೇ ವಯಸ್ಸಿನ ಹಂದಿಗಳನ್ನು ಬೇರೆ ಬೇರೆ ಅಂಕಣದಲ್ಲಿ ಬಿಟ್ಟು, ಉಳಿದ ಮೇವು ಒಂದೇ ಇಟ್ಟು, ನಾನು ಮೂರನ್ನೂ ನೋಡಿದ್ದೇನೆ.

ನನ್ನ ತೀರ್ಮಾನ ಮೊದಲೇ ಹೇಳುತ್ತೇನೆ. ಹಾಲು ಬಿಡಿಸಿದ ಮರಿಗೆ, ಗಬ್ಬದ ಹಂದಿಗೆ, ಹಾಲೂಡಿಸುವ ತಾಯಿಗೆ ಹಂದಿಯ ಪ್ರೀಮಿಕ್ಸೇ ಸರಿ. ಮಾರಾಟಕ್ಕೆ ಬೆಳೆಸುವ ಹಂದಿಗೆ ದನದ ಮಿಕ್ಸ್ಚರ್ ನಡೆಯುತ್ತದೆ. ಚಿಪ್ಪಿನ ಪುಡಿ ಒಂದನ್ನೇ ನಂಬಬೇಡಿ.

ಚಿಪ್ಪಿನ ಪುಡಿ ಅಗ್ಗ, ಎಲ್ಲ ಕಡೆ ಸಿಗುತ್ತದೆ. ಅದರಲ್ಲಿ ಸುಮಾರು 38% ಕ್ಯಾಲ್ಸಿಯಂ. ತೌಡು, ಮೆಕ್ಕೆಜೋಳ ಎರಡರಲ್ಲೂ ಕ್ಯಾಲ್ಸಿಯಂ ಬಹಳ ಕಡಿಮೆ, ಹಾಗಾಗಿ ಆ ಅಂಕಣದ ಹಂದಿಗಳ ಕಾಲು ಚೆನ್ನಾಗಿಯೇ ಗಟ್ಟಿಯಾದವು. ಮಳೆಗಾಲದ ಹೊತ್ತಿಗೆ ಚರ್ಮ ಕೆಟ್ಟಿತು. ಹಿಂಗಾಲು, ಹೊಟ್ಟೆಯ ಅಡಿ, ಕಿವಿಯ ಹಿಂದೆ ಕಂದು ಹಕ್ಕಳೆ ಕಟ್ಟಿ ಬಿರುಕು ಬಿಟ್ಟಿತು. ನೋಡಿದವರೆಲ್ಲ ಕಜ್ಜಿ ಎಂದರು. ಆದರೆ ಕಜ್ಜಿ ಹತ್ತಿದ ಹಂದಿ ಗೋಡೆಗೆ ಮೈ ಉಜ್ಜುತ್ತದೆ, ಅಲ್ವಾ? ಇವು ಉಜ್ಜಲಿಲ್ಲ. ಪಶುವೈದ್ಯರು ನೋಡಿ ಇದು ಜಿಂಕ್ ಕೊರತೆ ಎಂದರು.

ಇದು ಹಳೆಯ ಸಂಗತಿ. ಹಂದಿಯ ಈ ಚರ್ಮದ ತೊಂದರೆ ಜಿಂಕ್‌ನಿಂದ ಹೋಗುತ್ತದೆ ಎಂದು ಟಕರ್ ಮತ್ತು ಸಾಲ್ಮನ್ ಎಂಬ ವಿಜ್ಞಾನಿಗಳು 1955ರಲ್ಲೇ ತೋರಿಸಿದ್ದಾರೆ. ತೌಡಿನಲ್ಲಿ ಫೈಟೇಟ್ ಎಂಬ ವಸ್ತು ಬಹಳ. ತೌಡಿನ ರಂಜಕದ ಬಹುಪಾಲು ಅದರೊಳಗೇ ಇರುತ್ತದೆ, ಅದನ್ನು ಬಿಡಿಸಿಕೊಳ್ಳಲು ಹಂದಿಯ ಹೊಟ್ಟೆಗೆ ಬರುವುದಿಲ್ಲ. ಅದೇ ಫೈಟೇಟ್ ಜಿಂಕನ್ನೂ ಹಿಡಿದುಕೊಳ್ಳುತ್ತದೆ. ಕ್ಯಾಲ್ಸಿಯಂ ಜಾಸ್ತಿಯಾದಷ್ಟೂ ಹಿಡಿತ ಬಿಗಿ. ಅಂದರೆ ತೌಡು ತಿನ್ನುವ ಹಂದಿಗೆ ಸುಣ್ಣದಂಶ ಮಾತ್ರ ಏರಿಸುತ್ತಾ ಹೋದರೆ ಜಿಂಕ್ ಕೊರತೆಯನ್ನು ನಾವೇ ತಂದ ಹಾಗೆ. ಜಿಂಕ್ ಶುರುಮಾಡಿದ ಮೇಲೆ ಹಕ್ಕಳೆ ಉದುರಿ ಹೊಸ ಚರ್ಮ ಬಂತು. ಅಷ್ಟರಲ್ಲಿ ಪಕ್ಕದ ಅಂಕಣದವು ತೂಕದಲ್ಲಿ ಮುಂದೆ ಹೋಗಿದ್ದವು.

ದನದ ಮಿಕ್ಸ್ಚರ್ ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ನಾನು ತಂದ ಚೀಲದ ಮೇಲೆ ಕ್ಯಾಲ್ಸಿಯಂ 20%, ರಂಜಕ 12%, ಜಿಂಕ್ 0.8%, ಕಬ್ಬಿಣ 0.4% ಎಂದಿತ್ತು. 100 ಕಿಲೋ ಮೇವಿಗೆ 2 ಕಿಲೋ ಹಾಕಿದರೆ ಪ್ರತಿ ಕಿಲೋಗೆ 160 ಮಿಲಿಗ್ರಾಂ ಜಿಂಕ್ ಸಿಗುತ್ತದೆ. ಅದು ಬೇಕಾದಷ್ಟಾಯಿತು. ಕ್ಯಾಲ್ಸಿಯಂ 0.4% ಆಗುತ್ತದೆ. ಬೆಳೆಯುವ ಹಂದಿಗೆ ಸುಮಾರು 0.6% ಬೇಕು. ಹಾಗಾಗಿ ಅರ್ಧ ಕಿಲೋ ಚಿಪ್ಪಿನ ಪುಡಿ ಸೇರಿಸಿದೆ. ಇಲ್ಲಿ ಚಿಪ್ಪಿನ ಪುಡಿಗೆ ಸರಿಯಾದ ಜಾಗ ಸಿಕ್ಕಿತು. ಚರ್ಮ ಹೊಳಪಾಗಿತ್ತು, ಕಾಲು ನೆಟ್ಟಗಿತ್ತು. ಆದರೆ ಆ ಚೀಲದಲ್ಲಿ ಸೆಲೆನಿಯಂ ಇರಲಿಲ್ಲ. ಸೆಲೆನಿಯಂ, ವಿಟಮಿನ್ ಇ ಕಡಿಮೆಯಾದರೆ ಚುರುಕಾಗಿ ಬೆಳೆಯುವ ಮರಿಗಳೇ ಹೃದಯ ಕೆಟ್ಟು ಏಕಾಏಕಿ ಸಾಯುತ್ತವೆ. ಮರಿಗಳಿಗೆ ಇದನ್ನು ಒಪ್ಪದಿರಲು ಅದೇ ಕಾರಣ. ಇನ್ನೊಂದು ಮಾತು: ಈ ಮಿಕ್ಸ್ಚರಿನಲ್ಲಿ ಉಪ್ಪು ಸೇರಿಸಿದ್ದೂ ಬರುತ್ತದೆ. ಮುಸುರೆ ಹಾಕುವವರು ಉಪ್ಪಿಲ್ಲದ್ದನ್ನೇ ಕೇಳಿ. ಉಪ್ಪು ಹೆಚ್ಚಾಗಿ ನೀರು ಕಡಿಮೆಯಾದರೆ ಹಂದಿಗೆ ಅದು ವಿಷ.

ಪ್ರೀಮಿಕ್ಸ್ ದುಬಾರಿ, ನಿಜ. ಆದರೆ ಹಾಕುವುದು ಸ್ವಲ್ಪ. ನಾನು ತಂದದ್ದು 100 ಕಿಲೋಗೆ 200 ಗ್ರಾಂ ಮಾತ್ರ. ಜೊತೆಗೆ ಡಿಸಿಪಿ (ಕ್ಯಾಲ್ಸಿಯಂ, ರಂಜಕ ಎರಡೂ ಇರುವ ಡೈಕ್ಯಾಲ್ಸಿಯಂ ಫಾಸ್ಫೇಟ್), ಚಿಪ್ಪಿನ ಪುಡಿ ಬೇರೆಯಾಗಿ ಬೆರೆಸಬೇಕು. ಜಿಂಕ್, ತಾಮ್ರ, ಅಯೋಡಿನ್, ಸೆಲೆನಿಯಂ ಎಲ್ಲ ಹಂದಿಯ ಅಳತೆಗೆ ಇತ್ತು. ಫೈಟೇಟ್ ಒಡೆಯುವ ಫೈಟೇಸ್ ಎಂಬ ಕಿಣ್ವ ಕೂಡ ಇತ್ತು, ತೌಡು ಹಾಕುವ ನಮಗೆ ಇದು ದೊಡ್ಡ ಲಾಭ. ವ್ಯತ್ಯಾಸ ಹೆಚ್ಚು ಕಂಡದ್ದು ಹಾಲು ಬಿಡಿಸಿದ ಮರಿಗಳಲ್ಲಿ. ಒಂದೂ ಹಿಂದೆ ಬೀಳದೆ ಗುಂಪು ಸಮನಾಗಿ ಬೆಳೆಯಿತು. ನಮ್ಮ ಮಳೆಯಲ್ಲಿ ಚೀಲ ಬಿಚ್ಚಿಟ್ಟರೆ ಗಟ್ಟಿ ಕಟ್ಟುತ್ತದೆ. ಡಬ್ಬದಲ್ಲಿ ತುಂಬಿ, ಅಡಿಕೆ ದಬ್ಬೆಯ ಅಟ್ಟದ ಮೇಲೆ ಇಡಿ.

ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಮಾಡಲು ತಂದ ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) ಹಂದಿ ಮೇವಿಗೂ ಚಿಟಿಕೆ ಹಾಕುವವರಿದ್ದಾರೆ. ಹೆಚ್ಚು ತಾಮ್ರ ಕೊಟ್ಟರೆ ಮರಿಗಳು ಬೇಗ ಬೆಳೆಯುವುದು ಹೌದು. ಆದರೂ ದಯವಿಟ್ಟು ಬೇಡ. ಕಿಲೋ ಮೇವಿಗೆ 1 ಗ್ರಾಂ ಮೈಲುತುತ್ತ ಬಿದ್ದರೆ ಸಾಕು, ತಾಮ್ರ 250 ಮಿಲಿಗ್ರಾಂ ಆಗುತ್ತದೆ. ಕೈಯಳತೆಯಲ್ಲಿ ಅದು ದಾಟುವುದು ಸುಲಭ, ದಾಟಿದರೆ ಯಕೃತ್ತಿಗೆ ಪೆಟ್ಟು. ತಿಂದ ತಾಮ್ರದ ಬಹುಪಾಲು ಸಗಣಿಯಲ್ಲೇ ಹೊರಗೆ ಬರುತ್ತದೆ. ಆ ಗೊಬ್ಬರ ಹೋಗುವುದು ಎಲ್ಲಿಗೆ? ವರ್ಷವರ್ಷ ಬೋರ್ಡೋ ಬಿದ್ದಿರುವ ಅದೇ ತೋಟಕ್ಕೆ.

ಹಾಲು ಕುಡಿಯುವ ಮರಿಗೆ ಮಾತ್ರ ಈ ಮೂರರಲ್ಲಿ ಯಾವುದೂ ಆಗುವುದಿಲ್ಲ. ಅದಕ್ಕೆ ದಿನಕ್ಕೆ ಕನಿಷ್ಠ 7 ಮಿಲಿಗ್ರಾಂ ಕಬ್ಬಿಣ ಬೇಕು, ತಾಯಿಯ ಒಂದು ಲೀಟರ್ ಹಾಲಿನಲ್ಲಿ ಇರುವುದು 1 ಮಿಲಿಗ್ರಾಂ ಆಸುಪಾಸು. ತಾಯಿಗೆ ಎಷ್ಟು ಕಬ್ಬಿಣ ತಿನ್ನಿಸಿದರೂ ಹಾಲಿಗೆ ಇಳಿಯುವುದಿಲ್ಲ. ಮಣ್ಣಲ್ಲಿ ಮೂತಿ ಹಾಕಿ ಬೆಳೆಯುವ ಮರಿಗೆ ನಮ್ಮ ಕೆಮ್ಮಣ್ಣೇ ಆಸರೆ. ಸಿಮೆಂಟ್ ನೆಲದ ಮರಿ ಬಿಳಿಚಿಕೊಂಡು ಏದುಸಿರು ಬಿಡುತ್ತದೆ. ಮೂಲೆಯಲ್ಲಿ ಕೆಮ್ಮಣ್ಣು ಸುರಿದೂ ನೋಡಿದೆ, ಕಬ್ಬಿಣದ ಸೂಜಿ ಹಾಕಿಸಿಯೂ ನೋಡಿದೆ. ಮಣ್ಣಿನಿಂದ ಬಣ್ಣ ಬಂತು, ಆದರೆ ಯಾವ ಮರಿ ಎಷ್ಟು ತಿಂದಿತು ಎಂದು ತಿಳಿಯುವುದಿಲ್ಲ. ದೊಡ್ಡ ಹಂದಿ ಓಡಾಡಿದ ಮಣ್ಣಾದರೆ ಜಂತುಹುಳದ ಮೊಟ್ಟೆಯೂ ಜೊತೆಗೆ ಬರುತ್ತದೆ. ಸೂಜಿಯಲ್ಲಿ ಎಲ್ಲ ಮರಿಗೂ ಒಂದೇ ಅಳತೆ. ಹುಟ್ಟಿದ ಮೂರನೇ ದಿನ, ಕತ್ತಿನ ಮಾಂಸಕ್ಕೆ, 200 ಮಿಲಿಗ್ರಾಂ ಕಬ್ಬಿಣ ಸಿಗುವಷ್ಟು ಐರನ್ ಡೆಕ್ಸ್‌ಟ್ರಾನ್. ಮೊದಲ ಸಲ ಪಶುವೈದ್ಯರನ್ನೇ ಕರೆಸಿ ಹಾಕಿಸಿ, ಸೂಜಿ ಎಲ್ಲಿ ಚುಚ್ಚಬೇಕು ಎಂದು ಪಕ್ಕದಲ್ಲಿ ನಿಂತು ನೋಡಿಕೊಳ್ಳಿ.